ಮುತ್ತಾತ ಹುಟ್ಟಿದ್ದು 1917ರಲ್ಲೋ, 1918ರಲ್ಲೋ, 1920ರಲ್ಲೋ? ಒಂದೊಂದು ದಾಖಲೆ ಒಂದೊಂದು ಹೇಳುತ್ತಿದೆ

ಹಳೇಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ವಂಶವೃಕ್ಷ ಬರೆಯೋಕೆ ಕೂತಿದ್ದೇನೆ. ಹಾಸನ ಜಿಲ್ಲೆಯ ಕಡೆಯವರು ನಾವು. ಅಪ್ಪನ ತಾತ, ಅಂದರೆ ನನ್ನ ಮುತ್ತಾತ ಹುಟ್ಟಿದ ದಿನ ಯಾವುದು ಅನ್ನೋದೇ ಬಗೆಹರಿಯುತ್ತಿಲ್ಲ. ಕೈಯಲ್ಲಿ ಇರೋದು ಇಷ್ಟು.

ಶಾಲೆಯ ದಾಖಲಾತಿಯಲ್ಲಿ 1-7-1920. ಅವರು ಸರ್ಕಾರಿ ನೌಕರಿಯಲ್ಲಿದ್ದರು, ಸರ್ವಿಸ್ ಬುಕ್ಕಿನಲ್ಲೂ ಅದೇ ತಾರೀಕು.

ಗೋಡೆಯ ಮೇಲಿನ ಫೋಟೋ ಕೆಳಗೆ "ಜನನ 1917" ಅಂತ ಬರೆಸಿದ್ದಾರೆ. ತೀರಿಕೊಂಡದ್ದು 1997ರ ಡಿಸೆಂಬರ್. ಇದರಲ್ಲಿ ಅನುಮಾನ ಇಲ್ಲ.

ಜಾತಕ ಇದೆ, ಆದರೆ ಸಂವತ್ಸರ ಮತ್ತು ಶಕ ವರ್ಷ ಇದ್ದ ಮೇಲಿನ ಸಾಲನ್ನು ಹುಳ ತಿಂದಿದೆ. ಉಳಿದಿದ್ದು "ಆಶ್ವಯುಜ ಶುದ್ಧ ಏಕಾದಶಿ, ಮಂಗಳವಾರ, ಧನಿಷ್ಠಾ ನಕ್ಷತ್ರ, ಸೂರ್ಯೋದಯಾದಿ ಗತಘಟಿ 52".

ಇನ್ನು ನಮ್ಮ ಸೋದರಜ್ಜಿ (ಮುತ್ತಾತನ ಮಗಳು, ಇನ್ನೂ ಗಟ್ಟಿಯಾಗಿದ್ದಾರೆ) ಹೇಳೋದು ಬೇರೆ. "ಅಪ್ಪ ಹುಟ್ಟಿದ್ದು ವಿಜಯದಶಮಿ ದಿನ, ಬನ್ನಿ ಹಂಚಿ ಬಂದು ಮಲಗಿದ ಮೇಲೆ ಅವರ ಅಮ್ಮನಿಗೆ ನೋವು ಶುರುವಾಯ್ತಂತೆ" ಅಂತಾರೆ. ಹಾಗಿದ್ದರೆ ದಶಮಿ ಆಗಬೇಕು, ಜಾತಕದಲ್ಲಿ ಏಕಾದಶಿ ಯಾಕಿದೆ? ಆ ತಾಯಿ ಇನ್‌ಫ್ಲುಯೆಂಜಾ ಜ್ವರದಲ್ಲಿ ಹೋದರಂತೆ, ಆಗ ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು ಅಂತಲೂ ಹೇಳುತ್ತಾರೆ.

ಯಾವುದನ್ನು ನಂಬೋದು? ಸರ್ಕಾರಿ ದಾಖಲೆ ಅಂತ 1920 ಬರೆದು ಮುಗಿಸಲಾ?

ನಿವೃತ್ತ ಮೇಷ್ಟ್ರು:

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಹಳೇ ಶಾಲೆಗಳ ಅಡ್ಮಿಷನ್ ರಿಜಿಸ್ಟರ್ ತೆಗೆದು ನೋಡಿ, ಅರ್ಧ ಊರೇ ಜೂನ್, ಜುಲೈ ತಿಂಗಳ ಒಂದನೇ ತಾರೀಕು ಹುಟ್ಟಿರುತ್ತೆ! ಹುಡುಗನನ್ನು ಕರೆದುಕೊಂಡು ಬಂದವರಿಗೆ ಇಂಗ್ಲಿಷ್ ತಾರೀಕು ಗೊತ್ತಿರುತ್ತಿರಲಿಲ್ಲ, ಎಡಗೈಯನ್ನು ತಲೆ ಮೇಲಿಂದ ತಂದು ಬಲಗಿವಿ ಮುಟ್ಟಿಸಿ, ಮುಟ್ಟಿದರೆ ಸೇರಿಸಿಕೊಂಡು, ಹೆಡ್‌ಮಾಸ್ಟರು ಒಂದು ತಾರೀಕು ಹಾಕಿಬಿಡುತ್ತಿದ್ದರು. ಒಂದೆರಡು ವರ್ಷ ಕಡಿಮೆ ಬರೆಸಿದರೆ ಮುಂದೆ ನೌಕರಿಗೆ ಅನುಕೂಲ ಅಂತ ತಂದೆಯೇ ಕೇಳಿಕೊಳ್ಳುವುದೂ ಇತ್ತು. ಸರ್ವಿಸ್ ಬುಕ್ ಅನ್ನು ಬೇರೆ ಸಾಕ್ಷಿ ಅಂತ ಎಣಿಸಬೇಡಿ. ಅದು ಶಾಲೆಯ ಸರ್ಟಿಫಿಕೇಟ್ ನೋಡಿ ಬರೆದದ್ದು. ಎರಡು ಕಡೆ ಇದ್ದರೂ ಸಾಕ್ಷಿ ಒಂದೇ.

ಫೋಟೋದ 1917 ಕೂಡ ಎಲ್ಲಿಂದ ಬಂತು ಅಂತ ಊಹಿಸಬಹುದು. ತೀರಿಕೊಂಡಾಗ "ಎಂಬತ್ತು ನಡೀತಿತ್ತು" ಅಂತ ಯಾರೋ ಹೇಳಿರುತ್ತಾರೆ, ಫ್ರೇಮ್ ಹಾಕಿಸಿದವರು 1997ರಲ್ಲಿ 80 ಕಳೆದಿರುತ್ತಾರೆ. ನಮ್ಮ ಕಡೆ ಹಳಬರು ವಯಸ್ಸು ಹೇಳೋದು ನಡೆಯುತ್ತಿರುವ ವರ್ಷದ ಲೆಕ್ಕದಲ್ಲಿ, ತುಂಬಿದ ವರ್ಷದ ಲೆಕ್ಕದಲ್ಲಿ ಅಲ್ಲ. 80 ನಡೀತಿತ್ತು ಅಂದರೆ ತುಂಬಿದ್ದು 79. ಆಗ 1918 ಬರುತ್ತದೆ.

ತಿಥಿವಾರ:

ಮೇಷ್ಟ್ರು ಸರಿಯಾಗಿ ಹೇಳಿದರು. ಈಗ ಜಾತಕಕ್ಕೆ ಬನ್ನಿ, ಸಂವತ್ಸರ ಹೋಗಿದ್ದರೂ ಚಿಂತೆ ಇಲ್ಲ. ತಿಥಿ, ವಾರ ಎರಡೂ ಉಳಿದಿವೆಯಲ್ಲ, ಅದೇ ಅದೃಷ್ಟ. ಒಂದೇ ತಿಥಿ ವರ್ಷ ವರ್ಷ ಬೇರೆ ಬೇರೆ ವಾರಕ್ಕೆ ಬೀಳುತ್ತದೆ. ಶಾಸನಗಳ ಕಾಲ ಹೊಂದಿಸುವವರು ಮಾಡುವುದೂ ಇದನ್ನೇ, ಅದಕ್ಕೆ ಸ್ವಾಮಿಕಣ್ಣು ಪಿಳ್ಳೆಯವರ ಎಫೆಮೆರಿಸ್ (ಹಳೇ ವರ್ಷಗಳ ತಿಥಿಗೆ ಇಂಗ್ಲಿಷ್ ತಾರೀಕು ಹೊಂದಿಸುವ ಪಟ್ಟಿಗಳ ಪುಸ್ತಕ) ಇಟ್ಟುಕೊಂಡು ಕೂರುತ್ತಾರೆ. ನಿಮಗೆ ಅಷ್ಟು ಬೇಡ, ಹಳೇ ವರ್ಷ ತೋರಿಸುವ ಆನ್‌ಲೈನ್ ಪಂಚಾಂಗ ಸಾಕು.

1917 ಪಿಂಗಳ, 1918 ಕಾಳಯುಕ್ತಿ, 1919 ಸಿದ್ಧಾರ್ಥಿ, 1920 ರೌದ್ರಿ. ಈ ನಾಲ್ಕರಲ್ಲಿ ಆಶ್ವಯುಜ ಶುದ್ಧ ಏಕಾದಶಿ ಮಂಗಳವಾರ ಸಿಗುವುದು ಕಾಳಯುಕ್ತಿಯಲ್ಲಿ ಮಾತ್ರ. 1920ರಲ್ಲಿ ಅದು ಅಕ್ಟೋಬರ್ 22ರ ಸುಮಾರಿಗೆ, ಶುಕ್ರವಾರ ಶನಿವಾರದ ಕಡೆ. 1919ರಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ, ಅದೂ ಶನಿವಾರ ಭಾನುವಾರದ ಕಡೆ.

1918ರ ವಿಜಯದಶಮಿ ಅಕ್ಟೋಬರ್ 15, ಮಂಗಳವಾರ. ಇದಕ್ಕೆ ಪಂಚಾಂಗವೂ ಬೇಡ, ಶಿರಡಿ ಸಾಯಿಬಾಬಾ ದೇಹ ಬಿಟ್ಟ ದಿನ ಅದು, ಭಕ್ತರ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ದಶಮಿಯೋ ಏಕಾದಶಿಯೋ ಅನ್ನೋದು ಜಗಳವೇ ಅಲ್ಲ. ಸೂರ್ಯೋದಯಕ್ಕೆ ದಶಮಿ ಇತ್ತು, ಹಾಗಾಗಿ ಹಬ್ಬ ಅವತ್ತು. ತಿಥಿ ಮಧ್ಯರಾತ್ರಿಗೇ ಬದಲಾಗಬೇಕು ಅಂತೇನೂ ಇಲ್ಲವಲ್ಲ. ರಾತ್ರಿ ಹೊತ್ತಿಗೆ ಏಕಾದಶಿ ಹಿಡಿದಿದೆ. ನಿಮ್ಮ ಅಜ್ಜಿ ಹಬ್ಬದ ದಿನ ಹೇಳಿದರು, ಜೋಯಿಸರು ಹುಟ್ಟಿದ ಹೊತ್ತಿನ ತಿಥಿ ಬರೆದರು, ಇಬ್ಬರೂ ಸರಿ. ಧನಿಷ್ಠಾ ನಕ್ಷತ್ರವೂ ಆ ರಾತ್ರಿಗೆ ಕೂಡುತ್ತದೆ.

ಆದರೆ ಅಕ್ಟೋಬರ್ 15 ಅಂತ ಬರೆದುಬಿಡಬೇಡಿ! ಗತಘಟಿ 52 ನೋಡಿ. ಒಂದು ಘಟಿಗೆ 24 ನಿಮಿಷ, 52 ಘಟಿ ಅಂದರೆ 20 ಗಂಟೆ 48 ನಿಮಿಷ. ನಿಮ್ಮ ಕಡೆ ಆ ತಿಂಗಳಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ಹತ್ತು ನಿಮಿಷದ ಆಸುಪಾಸು. ಅಲ್ಲಿಂದ ಎಣಿಸಿದರೆ ಬೆಳಗಿನ ಜಾವ ಮೂರು ಗಂಟೆ. ನಮ್ಮ ಲೆಕ್ಕಕ್ಕೆ ಸೂರ್ಯ ಹುಟ್ಟುವ ತನಕ ಮಂಗಳವಾರವೇ, ಗಡಿಯಾರದ ಲೆಕ್ಕಕ್ಕೆ ಆಗಲೇ ಬುಧವಾರ. ಹಾಗಾಗಿ 16-10-1918.

ಸುಮ್ನೆಒಪ್ಪಲ್ಲ:

ಲೆಕ್ಕ ಚೆನ್ನಾಗಿದೆ, ಆದರೆ ಜಾತಕವನ್ನು ಇಷ್ಟು ನಂಬಬಹುದಾ? ಮದುವೆ ಹೊತ್ತಿಗೆ ಹೊಂದಲಿ ಅಂತ ಜಾತಕ ತಿದ್ದಿಸಿದ ಮನೆಗಳು ನನಗೇ ಗೊತ್ತು. ಶಾಲೆಯಲ್ಲಿ ಸುಳ್ಳು ಬರೆಸುವ ಅಪ್ಪ ಜೋಯಿಸರ ಹತ್ತಿರ ಬರೆಸೋದಿಲ್ಲವಾ?

ತಿಥಿವಾರ:

ಬರೆಸಬಹುದು. ಆದರೆ ವರ್ಷ ತಿದ್ದಿದವನು ಸಾಮಾನ್ಯವಾಗಿ ವಾರ ಮುಟ್ಟುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತಾನೆ. ಇಲ್ಲಿ ತಿಥಿ, ವಾರ, ನಕ್ಷತ್ರ, ಹೊತ್ತು ನಾಲ್ಕೂ ಒಂದಕ್ಕೊಂದು ಕೂಡಿವೆ. ಅದಕ್ಕಿಂತ ದೊಡ್ಡದು ಜ್ವರದ ವಿಷಯ, ಅದನ್ನು ಇಲ್ಲಿ ಯಾರೂ ಕೈಗೆತ್ತಿಕೊಂಡೇ ಇಲ್ಲ. ಇನ್‌ಫ್ಲುಯೆಂಜಾ 1918ರ ಜೂನ್‌ನಲ್ಲಿ ಬೊಂಬಾಯಿಗೆ ಬಂತು, ಮೈಸೂರು ಸೀಮೆಯಲ್ಲಿ ಜನ ಸತ್ತದ್ದು ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಆಚೆಗೆ ಬಂದ ಎರಡನೇ ಅಲೆಯಲ್ಲಿ. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಹೋದರು, 1921ರ ಜನಗಣತಿಯಲ್ಲಿ ಜನಸಂಖ್ಯೆಯೇ ಇಳಿದಿತ್ತು. ಬಸುರಿ ಬಾಣಂತಿಯರಿಗಂತೂ ಆ ಜ್ವರ ತೀರಾ ಕೆಟ್ಟದ್ದು. ಆಗ ಸತ್ತ ತಾಯಿಗೆ 1920ರ ಜುಲೈಯಲ್ಲಿ ಮಗ ಹುಟ್ಟೋಕೆ ಸಾಧ್ಯವೇ ಇಲ್ಲ. ಜಾತಕ ಬದಿಗಿಟ್ಟರೂ 1920 ನಿಲ್ಲಲ್ಲ.

@ಹಳೇಪೆಟ್ಟಿಗೆ ಆ ತಾಯಿಯ ಶ್ರಾದ್ಧ ಯಾವ ತಿಥಿಗೆ ಮಾಡುತ್ತಿದ್ದರು ಅಂತ ಕೇಳಿ. ಹುಟ್ಟಿದ ದಿನ ಮರೆಯುತ್ತಾರೆ, ಶ್ರಾದ್ಧದ ತಿಥಿ ಮರೆಯೋದಿಲ್ಲ.

ನಿವೃತ್ತ ಮೇಷ್ಟ್ರು:

ಇನ್ನೊಂದು ದಾರಿಯೂ ಇದೆ. 1969ರ ಕಾಯ್ದೆಗೆ ಮೊದಲೂ ಹಳ್ಳಿಗಳಲ್ಲಿ ಜನನ ಮರಣ ಬರೆದಿಡುವ ಪದ್ಧತಿ ಇತ್ತು, ಪಟೇಲರೋ ಶಾನುಭೋಗರೋ ಬರೆಯುತ್ತಿದ್ದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಉಳಿದಿದ್ದರೆ ನಿಮ್ಮ ಪುಣ್ಯ. ಹೋದರೆ ಮುತ್ತಾತನ ಹೆಸರು ಹುಡುಕಬೇಡಿ, ನಾಮಕರಣಕ್ಕೆ ಮೊದಲೇ ಬರೆದಿರುತ್ತಾರೆ. ಅವರ ತಂದೆಯ ಹೆಸರು, ಪಕ್ಕದಲ್ಲಿ "ಗಂಡು" ಅಂತ ಇದೆಯಾ ನೋಡಿ. ಅದೇ ಪುಸ್ತಕದಲ್ಲಿ ತಾಯಿಯ ಮರಣವೂ ಸಿಗಬಹುದು, ಕಾರಣದ ಕಾಲಂನಲ್ಲಿ ಬರೀ "ಜ್ವರ" ಅಂತ ಇದ್ದರೂ ಬಿಡಬೇಡಿ.

ಹಳೇಪೆಟ್ಟಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋದರಜ್ಜಿಗೆ ಫೋನ್ ಮಾಡಿದೆ. ಶ್ರಾದ್ಧ ಕಾರ್ತಿಕ ಬಹುಳದಲ್ಲಿ ಮಾಡುತ್ತಿದ್ದರಂತೆ, ದೀಪಾವಳಿ ಕಳೆದ ಮೇಲೆ. ಅಂದರೆ 1918ರದ್ದೇ ಆದರೆ ಮಗುವಿಗೆ ಆಗ ಎರಡು ತಿಂಗಳೂ ತುಂಬಿರಲಿಲ್ಲ.

ವಂಶವೃಕ್ಷದಲ್ಲಿ 16-10-1918 ಅಂತ ಬರೆದು, ಕೆಳಗೆ "ಶಾಲಾ ದಾಖಲೆಯಲ್ಲಿ 1-7-1920" ಅಂತಲೂ ಸೇರಿಸುತ್ತೇನೆ, ಮುಂದೆ ಯಾರಾದರೂ ಸರ್ವಿಸ್ ಬುಕ್ ನೋಡಿ ಗಾಬರಿ ಬೀಳಬಾರದು. ರೆಕಾರ್ಡ್ ರೂಮಿಗೆ ಅರ್ಜಿ ಕೊಡ್ತೇನೆ. ಈ ವಿಷಯ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಡ, ಚಿಕ್ಕಪ್ಪ "ಹಾಗಾದ್ರೆ ತಾತ ಎರಡು ವರ್ಷ ಜಾಸ್ತಿ ಸಂಬಳ ತಗೊಂಡ್ರಾ" ಅಂತ ಕೇಳಿದ್ದಾರೆ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.