ಸಹಾಯ ಬೇಕು: ವೃದ್ಧಾಶ್ರಮದ ಸಿಬ್ಬಂದಿಗೆ ಸರಿಯಾದ ಸಂಬಳ ಕೊಡಬೇಕು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಚಿಕ್ಕ ವೃದ್ಧಾಶ್ರಮ. ಕೆಲಸಕ್ಕೆ 9 ಜನ ಇದ್ದಾರೆ. ಹಾಸಿಗೆ ಹಿಡಿದ ಅಜ್ಜಿಯರನ್ನು ರಾತ್ರಿ ಪಾಳಿಯ ಅಕ್ಕ ಎರಡು ತಾಸಿಗೊಮ್ಮೆ ಎದ್ದು ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಇಂಥವರಿಗೆ ಗೌರವಧನ ಅಂತ ಅಷ್ಟಿಷ್ಟು ಕೊಟ್ಟು ಸುಮ್ನಿರೋದು ತಪ್ಪು ಅಲ್ವಾ? ಅವರಿಗೂ ಮನೆ ಬಾಡಿಗೆ, ಮಕ್ಕಳ ಫೀ ಇದೆ.

ದಾನಿಗಳು ಜೋಳ, ಹೊದಿಕೆ ಖುಷಿಯಿಂದ ಕೊಡುತ್ತಾರೆ. ಸಂಬಳಕ್ಕೆ ಅಂದರೆ ಹಿಂದೆ ಸರಿಯುತ್ತಾರೆ. ನೀವು ಅವರಿಗೆ ಹೇಗೆ ತಿಳಿಸಿ ಹೇಳಿದಿರಿ?

ಇನ್ನೊಂದು ಮಾತು. 20 ಜನ ಕೆಲಸಗಾರರು ಇದ್ದರೆ ಪಿಎಫ್ (ಭವಿಷ್ಯ ನಿಧಿ) ಕಡ್ಡಾಯ. ಕಡಿಮೆ ಇದ್ದರೂ ಸಂಸ್ಥೆಯವರು, ಕೆಲಸಗಾರರು ಎರಡೂ ಕಡೆಯವರು ಒಪ್ಪಿ ಸೇರಬಹುದು. ಹಾಗೆ ಸೇರಿದವರು ಇದ್ದೀರಾ? ಸಂಸ್ಥೆಯ ಪಾಲಿನ ಹಣ ಎಲ್ಲಿಂದ ಹೊಂದಿಸಿದಿರಿ? ವಿಜಯಪುರ, ಬೆಳಗಾವಿ ಕಡೆಯವರೂ ದಯವಿಟ್ಟು ಹೇಳಿ.