ಸಹಾಯ ಬೇಕು: ಅಂಕೋಲಾದಲ್ಲಿ ಕರಿ ಇಶಾಡ ಮಾವಿನ ತೋಟ ನೋಡಬೇಕು

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಅಮ್ಮ, ಮಕ್ಕಳ ಜೊತೆ ಶಿರಸಿಯಿಂದ ಅಂಕೋಲಾಕ್ಕೆ ಬರುತ್ತಿದ್ದೇನೆ. 2023ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದ ಕರಿ ಇಶಾಡ ಮಾವನ್ನು ಮಕ್ಕಳು ಮರದಲ್ಲೇ ನೋಡಬೇಕು ಅಂತ ಆಸೆ. ತೋಟದೊಳಗೆ ಬಿಡುವ ರೈತರು ಯಾರಾದರೂ ಇದ್ದಾರಾ? ಸುಮ್ನೆ ನೋಡಿ ಹೋಗುವುದಿಲ್ಲ, ಹಣ್ಣೂ ಕೊಳ್ಳುತ್ತೇವೆ. ಕಳೆದ ವರ್ಷ ಇಲ್ಲಿನ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಬುಟ್ಟಿಯಿಂದ ಒಂದೊಂದೇ ಹಣ್ಣು ಮೂಸಿ ಆರಿಸಿ ಕೊಟ್ಟಿದ್ದರು. ತೆಳು ಸಿಪ್ಪೆ, ಕೈತುಂಬಾ ರಸ. ಅಮ್ಮ ಇವತ್ತಿಗೂ ಅದನ್ನೇ ನೆನೆಯುತ್ತಾರೆ.

ಹಾಗೇ ಕುಮಟಾ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಆಗಲೂ ಸಿಗುತ್ತದಾ? ಕಾರವಾರದ ಭಾನುವಾರದ ಸಂತೆಗೆ ಎಷ್ಟು ಗಂಟೆಗೆ ಬಂದರೆ ಒಳ್ಳೆಯದು? ಅಮ್ಮನಿಗೆ ಬಿಸಿಲು ಆಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.