ತಾಳಮದ್ದಳೆ ಮತ್ತು ಚೌಕಿಯ ಸಂದರ್ಶನಗಳ ಚಿತ್ರೀಕರಣಕ್ಕೆ ಯಾವ ವೈರ್‌ಲೆಸ್ ಮೈಕ್ ಸೂಕ್ತ?

ಪ್ರಶ್ನೆ — ಕುಂದಾಪುರದ ಕಡೆಯವ

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಕಲಾವಿದರ ಕುರಿತು ಕಿರು ಸಾಕ್ಷ್ಯಚಿತ್ರಗಳನ್ನು ಮಾಡುವ ಸಣ್ಣ ತಂಡ ನಮ್ಮದು. ನಮ್ಮ ಕೆಲಸದಲ್ಲಿ ಎರಡು ಬಗೆಯಿದೆ. ಮೊದಲನೆಯದು, ಕಲಾವಿದರು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವಾಗ ಅವರೊಂದಿಗೆ ನಡೆಸುವ ಮಾತುಕತೆ; ಕೆಲವೊಮ್ಮೆ ಅವರು ಎದ್ದು ಅಂಗಳದಲ್ಲಿ ಓಡಾಡುತ್ತಲೇ ಮಾತನಾಡುತ್ತಾರೆ. ಎರಡನೆಯದು, ವೇಷವಿಲ್ಲದೆ ಕುಳಿತೇ ಸಭಾಂಗಣದಲ್ಲಿ ನಡೆಸುವ ತಾಳಮದ್ದಳೆಯ ಪೂರ್ಣ ಚಿತ್ರೀಕರಣ. ಇದರಲ್ಲಿ ನಾಲ್ಕೈದು ಮಂದಿ ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತನ್ನಾಡುವವರು, ಇರುತ್ತಾರೆ, ಪ್ರಸಂಗ ಎರಡು ಮೂರು ಗಂಟೆ ನಡೆಯುತ್ತದೆ.

ಸದ್ಯ ಕ್ಯಾಮೆರಾದ ಮೇಲಿರುವ ಶಾಟ್‌ಗನ್ ಮೈಕ್ ಒಂದನ್ನೇ ನೆಚ್ಚಿಕೊಂಡಿದ್ದೇವೆ. ತಾಳಮದ್ದಳೆಯಲ್ಲಿ ಒಂದು ತೊಂದರೆ ಪ್ರತಿಸಲವೂ ಕಾಣಿಸಿಕೊಳ್ಳುತ್ತದೆ. ಭಾಗವತರ ಪದ್ಯ ಚೆಂಡೆಯೊಂದಿಗೆ ಮುಗಿದು ಅರ್ಥಗಾರಿಕೆ ಆರಂಭವಾದಾಗ ಮೊದಲ ಕೆಲವು ಮಾತುಗಳು ಮುಳುಗಿಹೋಗುತ್ತವೆ. ಆಮೇಲೆ ದನಿ ನಿಧಾನವಾಗಿ ಮೇಲೇರುತ್ತದೆ, ಅದರ ಜೊತೆಗೆ ಫ್ಯಾನಿನ ಸದ್ದೂ ಏರುತ್ತದೆ. ಕಾಲರ್ ಮೈಕ್ ಕೊಂಡರೆ ಇದು ಸರಿಹೋಗಬಹುದೆಂದು ನಮ್ಮ ಎಣಿಕೆ.

ಅಂಗಡಿಯವರು 2.4 ಗಿಗಾಹರ್ಟ್ಸ್‌ನ ಎರಡು ಮೈಕುಗಳ ಪುಟ್ಟ ಸೆಟ್ ತೋರಿಸಿದರು. ಪರಿಚಿತರೊಬ್ಬರು ಅದು ಜನಜಂಗುಳಿಯಲ್ಲಿ ಕೈಕೊಡುತ್ತದೆಂದೂ ಕೆಲವು ನೂರು ಮೆಗಾಹರ್ಟ್ಸ್‌ನಲ್ಲಿ ನಡೆಯುವ ಯುಎಚ್‌ಎಫ್ ಸೆಟ್ಟನ್ನೇ ಕೊಳ್ಳಬೇಕೆಂದೂ ಹೇಳುತ್ತಾರೆ. ನಮ್ಮ ಕೈಯಲ್ಲಿರುವುದು ಸುಮಾರು 40 ಸಾವಿರ ರೂಪಾಯಿ. ಕ್ಯಾಮೆರಾ ಮಿರರ್‌ಲೆಸ್, 3.5 ಮಿಲಿಮೀಟರ್ ಮೈಕ್ ಇನ್‌ಪುಟ್ ಮಾತ್ರ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 — ಬೆಂಗಳೂರಿನ ವಿಡಿಯೋಗ್ರಾಫರ್

ಚೌಕಿಯ ಕೆಲಸದ ಮಟ್ಟಿಗೆ ಹೇಳುವುದಾದರೆ 2.4 ಗಿಗಾಹರ್ಟ್ಸ್ ಸೆಟ್ಟನ್ನು ನೀವು ಧೈರ್ಯವಾಗಿ ಕೊಳ್ಳಬಹುದು. ಆದರೆ ಅದು ಎಲ್ಲಿ ಸೋಲುತ್ತದೆಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಈ ಆವರ್ತನ ಪಟ್ಟಿಯಲ್ಲಿ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಬಹುಪಾಲು ನೀರೇ ಆಗಿರುವ ನಮ್ಮ ಶರೀರ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ 200 ಅಥವಾ 250 ಮೀಟರ್ ಎಂದು ಬರೆದಿರುವುದು ತೆರೆದ ಬಯಲಿನಲ್ಲಿ, ನಡುವೆ ಅಡ್ಡಿಯೇ ಇಲ್ಲದಿದ್ದಾಗ ಸಿಗುವ ದೂರ. ಟ್ರಾನ್ಸ್‌ಮಿಟರನ್ನು ಸೊಂಟದ ಹಿಂಭಾಗಕ್ಕೆ ಸಿಕ್ಕಿಸಿಕೊಂಡ ವ್ಯಕ್ತಿ ಕ್ಯಾಮೆರಾದತ್ತ ಮುಖಮಾಡಿ ನಿಂತರೆ, ಅವನ ಮೈಯೇ ಗೋಡೆಯಾಗಿ ಹತ್ತಿಪ್ಪತ್ತು ಮೀಟರಿನಲ್ಲೇ ದನಿ ಕಡಿದುಹೋಗಬಹುದು. ಸಭಾಂಗಣದಲ್ಲಿ ಕುಳಿತವರ ಫೋನುಗಳ ವೈಫೈ ಮತ್ತು ಬ್ಲೂಟೂತ್ ಕೂಡ ಇದೇ ಪಟ್ಟಿಯನ್ನು ಬಳಸುತ್ತವೆ ಎಂಬುದು ಇನ್ನೊಂದು ಸಮಸ್ಯೆ. ಹೀಗಾಗಿ ಟ್ರಾನ್ಸ್‌ಮಿಟರ್ ಕ್ಯಾಮೆರಾದ ಕಡೆಗೇ ಕಾಣುವಂತಿರಲಿ, ರಿಸೀವರ್ ಜನರ ತಲೆಗಿಂತ ಮೇಲಿರಲಿ.

ಇಷ್ಟಾದರೂ ಎಂದೋ ಒಮ್ಮೆ ದನಿ ಕಡಿಯುವುದು ಇದ್ದೇ ಇದೆ. ಆದ್ದರಿಂದ ಟ್ರಾನ್ಸ್‌ಮಿಟರಿನ ಒಳಗೇ ಧ್ವನಿಮುದ್ರಣವಾಗುವ ಸೆಟ್ಟನ್ನಲ್ಲದೆ ಬೇರೆಯದನ್ನು ನಾನು ಶಿಫಾರಸು ಮಾಡುವುದಿಲ್ಲ. ರೋಡ್ ಕಂಪನಿಯ ವೈರ್‌ಲೆಸ್ ಪ್ರೋ ಮತ್ತು ಡಿಜೆಐ ಮೈಕ್ 2, ಇವೆರಡರಲ್ಲೂ 32 ಬಿಟ್ ಫ್ಲೋಟ್‌ನಲ್ಲಿ ಒಳಗೇ ಮುದ್ರಿಸಿಕೊಳ್ಳುವ ಸೌಲಭ್ಯವಿದೆ. ಮಾತನಾಡುತ್ತಿದ್ದ ಕಲಾವಿದರು ಇದ್ದಕ್ಕಿದ್ದಂತೆ ಏರುದನಿಯಲ್ಲಿ ಒಂದು ಪದ್ಯ ಎತ್ತಿಕೊಂಡರೂ ಆ ಕಡತದಲ್ಲಿ ದನಿ ಒಡೆಯದೆ ಉಳಿದಿರುತ್ತದೆ, ಸಂಕಲನದ ಹೊತ್ತಿನಲ್ಲಿ ಮಟ್ಟವನ್ನು ಇಳಿಸಿಕೊಳ್ಳಬಹುದು. ಈ ರಕ್ಷಣೆ ಒಳಗಿನ ಕಡತಕ್ಕೆ ಮಾತ್ರ ಎಂಬುದನ್ನು ಹಲವರು ಗಮನಿಸುವುದಿಲ್ಲ. ರಿಸೀವರಿನಿಂದ ತಂತಿಯ ಮೂಲಕ ಕ್ಯಾಮೆರಾಕ್ಕೆ ಹೋಗುವ ದನಿಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಮಟ್ಟ ಮೀರಿದರೆ ದನಿ ಒಡೆಯುತ್ತದೆ.

ಕೇಬಲಿನ ಬಗ್ಗೆಯೂ ಒಂದು ಮಾತು. ಕ್ಯಾಮೆರಾಕ್ಕೆ ಮೂರು ಭಾಗದ ಟಿಆರ್‌ಎಸ್ ಪಿನ್ ಬೇಕು. ಫೋನಿಗೆಂದು ಕೊಡುವ ನಾಲ್ಕು ಭಾಗದ ಟಿಆರ್‌ಆರ್‌ಎಸ್ ಪಿನ್ನನ್ನು ಚುಚ್ಚಿ, ದನಿ ಸರಿಯಾಗಿ ಬರುತ್ತಿಲ್ಲವೆಂದು ಮೈಕನ್ನು ಹಿಂದಿರುಗಿಸಿದವರನ್ನು ನೋಡಿದ್ದೇನೆ.

ಉತ್ತರ 2 — ಚಿತ್ರೀಕರಣದ ಸ್ಥಳದಲ್ಲಿ ಧ್ವನಿಗ್ರಹಣ ಮಾಡುವವರು

ಮೇಲಿನವರು ಹೇಳಿದ ಎಚ್ಚರಿಕೆಗಳು ಸರಿಯಾಗಿವೆ. ಆದರೆ ಯುಎಚ್‌ಎಫ್ ಪಕ್ಷದ ಮಾತನ್ನೂ ಯಾರಾದರೂ ಆಡಬೇಕಲ್ಲ. 500 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತರಂಗದ ಉದ್ದ ಸುಮಾರು 60 ಸೆಂಟಿಮೀಟರ್ ಇರುವುದರಿಂದ ಅದು ಮೈಯನ್ನೂ ಕುರ್ಚಿಗಳನ್ನೂ ಜನರ ಸಾಲನ್ನೂ ಬಳಸಿಕೊಂಡು ಹೋಗುತ್ತದೆ, ಫೋನುಗಳ ಗದ್ದಲವೂ ಅಲ್ಲಿಲ್ಲ. ಸೆನ್‌ಹೈಸರ್‌ನ ಇಡಬ್ಲ್ಯು 100 ಸರಣಿ ಮತ್ತು ಸೋನಿಯ ಯುಡಬ್ಲ್ಯುಪಿ-ಡಿ ಸರಣಿ ಸುದ್ದಿವಾಹಿನಿಗಳಲ್ಲಿ ಇಷ್ಟು ವರ್ಷ ಉಳಿದುಕೊಂಡಿರುವುದಕ್ಕೆ ಕಾರಣ ಅದೇ. ಸೆನ್‌ಹೈಸರ್ ಸೆಟ್ ಎರಡು ಎಎ ಸೆಲ್‌ಗಳಲ್ಲಿ ಸುಮಾರು ಎಂಟು ಗಂಟೆ ನಡೆಯುತ್ತದೆ. ಚಾರ್ಜ್ ಮುಗಿದರೆ ಪೇಟೆಯ ಯಾವ ಅಂಗಡಿಯಲ್ಲಾದರೂ ಸೆಲ್ ಸಿಗುತ್ತದೆ. ಹಳ್ಳಿಯ ಬಯಲಾಟಕ್ಕೆ ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಇಂತಹ ಹೊಸ ಸೆಟ್ ಒಂದೇ ಮೈಕಿನದಾದರೂ ನಿಮ್ಮ ಮೊತ್ತವನ್ನು ಮೀರುತ್ತದೆ. ಆಗ ಹಳೆಯ ಸೆಟ್ಟಿನ ಕಡೆಗೆ ಮನಸ್ಸು ಹೋಗುವುದು ಸಹಜ, ಅಲ್ಲಿಯೇ ಎಚ್ಚರ ಬೇಕು. ಸೆನ್‌ಹೈಸರ್‌ನ ಹಳೆಯ ಸೆಟ್ಟುಗಳಲ್ಲಿ ಪಟ್ಟಿಯ ಗುರುತಾಗಿ ಒಂದು ಅಕ್ಷರವಿರುತ್ತದೆ: ಎ ಎಂದರೆ 516ರಿಂದ 558 ಮೆಗಾಹರ್ಟ್ಸ್, ಬಿ ಎಂದರೆ 626ರಿಂದ 668, ಸಿ ಎಂದರೆ 734ರಿಂದ 776, ಡಿ ಎಂದರೆ 780ರಿಂದ 822. ಭಾರತದಲ್ಲಿ 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು ಜಿಯೋ ಕೊಂಡಿತು. ಆ ಪಟ್ಟಿಯಲ್ಲಿ ಟವರಿನಿಂದ ಫೋನಿಗೆ ಬರುವ ಸಂಕೇತದ ಪಾಲು 758ರಿಂದ 803. ಸಿ ಮತ್ತು ಡಿ ಸೆಟ್ಟುಗಳು ಅರ್ಧ ಬೆಲೆಗೆ ಮಾರಾಟಕ್ಕಿರುವುದನ್ನು ಕಂಡರೆ, ಏಕೆಂದು ಈಗ ನೀವೇ ಊಹಿಸಬಹುದು. ವಿದೇಶದಲ್ಲಿರುವ ನೆಂಟರಿಂದ ತರಿಸುವವರಿಗೂ ಇದೇ ಮಾತು. ಅಮೆರಿಕದಲ್ಲಿ 2020ರ ಜುಲೈ ತಿಂಗಳಿಂದ 600 ಮೆಗಾಹರ್ಟ್ಸ್ ಪಟ್ಟಿಯ ಬಹುಪಾಲಿನಲ್ಲಿ ಮೈಕುಗಳನ್ನು ಬಳಸುವುದು ನಿಷಿದ್ಧವಾದ್ದರಿಂದ ಅಂಥವು ಅಲ್ಲಿ ಅಗ್ಗವಾಗಿ ಕೈಬದಲಾಗುತ್ತವೆ. 2.4 ಗಿಗಾಹರ್ಟ್ಸ್‌ಗೆ ನಮ್ಮಲ್ಲಿ 2005ರಿಂದಲೇ ಪರವಾನಗಿಯ ಅಗತ್ಯವಿಲ್ಲ ಎಂಬುದು ಅಂಗಡಿಯವರ ಸೆಟ್ಟಿನ ಪರವಾಗಿ ಹೇಳಬಹುದಾದ ದೊಡ್ಡ ಮಾತು.

ಇನ್ನು, ನಾಲ್ಕೈದು ಯುಎಚ್‌ಎಫ್ ಮೈಕುಗಳನ್ನು ಒಟ್ಟಿಗೆ ನಡೆಸುವುದೆಂದರೆ ಐದು ಬೇರೆ ಬೇರೆ ಸಂಖ್ಯೆಗಳನ್ನು ಇಟ್ಟರೆ ಮುಗಿಯಲಿಲ್ಲ. 520 ಮತ್ತು 521ರಲ್ಲಿ ಎರಡು ಟ್ರಾನ್ಸ್‌ಮಿಟರುಗಳು ಹತ್ತಿರ ಹತ್ತಿರ ಇದ್ದರೆ ಅವುಗಳ ಬೆರಕೆಯಿಂದ 519ರಲ್ಲೂ 522ರಲ್ಲೂ ಭೂತಸಂಕೇತಗಳು ಹುಟ್ಟಿಕೊಳ್ಳುತ್ತವೆ; ಮೂರನೆಯ ಮೈಕನ್ನು 522ಕ್ಕೆ ಇಟ್ಟಿರೋ, ಕೆಟ್ಟಿತೆಂದೇ ತಿಳಿಯಿರಿ. ಸೆಟ್ಟಿನಲ್ಲಿ ಮೊದಲೇ ಲೆಕ್ಕ ಹಾಕಿ ಕೊಟ್ಟಿರುವ ಚಾನೆಲ್ ಗುಂಪುಗಳಲ್ಲಿ ಒಂದೇ ಗುಂಪಿನಿಂದ ಎಲ್ಲವನ್ನೂ ಆರಿಸಿಕೊಳ್ಳಬೇಕು.

ಉತ್ತರ 3 — ಶಿರಸಿಯಲ್ಲಿ ತಾಳಮದ್ದಳೆ ಧ್ವನಿಮುದ್ರಣ ಮಾಡುವವರು

ತಾಳಮದ್ದಳೆಗೆ ವೈರ್‌ಲೆಸ್ ಏಕೆ ಬೇಕೆಂದು ಇಲ್ಲಿ ಯಾರೂ ಕೇಳಿದಂತಿಲ್ಲ. ಅರ್ಥಧಾರಿಗಳು ಕುಳಿತ ಜಾಗ ಬಿಟ್ಟು ಏಳುವುದಿಲ್ಲ. ಏಳದವರಿಗೆ ತಂತಿ ತೊಡಕಲ್ಲ. ತಂತಿಗೆ ಫೋನುಗಳ ಭಯವೂ ಇಲ್ಲ, ಬ್ಯಾಟರಿಯ ಭಯವೂ ಇಲ್ಲ. ಅರ್ಥಗಾರಿಕೆ ಆಶುಭಾಷಣ. ಒಮ್ಮೆ ಆಡಿದ ಮಾತನ್ನು ಇನ್ನೊಮ್ಮೆ ಆಡಿರೆಂದು ಯಾವ ಕಲಾವಿದರನ್ನೂ ಕೇಳಲಾಗದು. ಇಂತಹ ಕಡೆ ಗಾಳಿಯಲ್ಲಿ ದನಿ ಕಳಿಸುವ ಜೂಜು ಏಕೆ?

ಮೊದಲು ನಿಮ್ಮ ತೊಂದರೆಯ ನಿಜವಾದ ಕಾರಣವನ್ನು ನೋಡೋಣ. ಮೊದಲ ಮಾತು ಮುಳುಗುತ್ತದೆ, ಆಮೇಲೆ ದನಿ ಫ್ಯಾನಿನ ಸದ್ದಿನೊಂದಿಗೆ ಮೇಲೇರುತ್ತದೆ ಎಂದಿದ್ದೀರಿ. ಅದು ಮೈಕಿನ ದೋಷವಲ್ಲ, ಕ್ಯಾಮೆರಾದಲ್ಲಿ ದನಿಯ ಮಟ್ಟ ಆಟೋದಲ್ಲಿ ಉಳಿದಿರುವುದರ ಲಕ್ಷಣ. ಚೆಂಡೆ ಬಾರಿಸುತ್ತಿರುವಾಗ ಕ್ಯಾಮೆರಾ ತಾನಾಗಿ ಮಟ್ಟವನ್ನು ಇಳಿಸುತ್ತದೆ. ಚೆಂಡೆ ನಿಂತು ಅರ್ಥಧಾರಿ ಮೆಲುದನಿಯಲ್ಲಿ ಪೀಠಿಕೆ ಎತ್ತಿಕೊಂಡಾಗ ಅದು ಇಳಿದ ಮಟ್ಟದಲ್ಲೇ ಇರುತ್ತದೆ. ಕೆಲವು ಸೆಕೆಂಡುಗಳ ನಂತರ ಎಚ್ಚೆತ್ತು ಎಲ್ಲವನ್ನೂ, ಫ್ಯಾನನ್ನೂ ಸೇರಿಸಿ, ಮೇಲಕ್ಕೆತ್ತುತ್ತದೆ. ಆಟೋ ಹಾಗೆಯೇ ಇದ್ದರೆ ಲಕ್ಷ ರೂಪಾಯಿಯ ವೈರ್‌ಲೆಸ್ ಹಾಕಿದರೂ ಇದೇ ಆಗುತ್ತದೆ. ಮೆನುವಿಗೆ ಹೋಗಿ ಧ್ವನಿಮುದ್ರಣವನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಚೆಂಡೆಯ ಅತಿ ಜೋರಿನ ಭಾಗ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟವನ್ನು ನಿಲ್ಲಿಸಿ. ಇದಕ್ಕೆ ಖರ್ಚಿಲ್ಲ.

ಎರಡನೆಯದಾಗಿ, ಕಾಲರ್ ಮೈಕುಗಳು ಬಹುಮಟ್ಟಿಗೆ ಸುತ್ತಲಿನ ದನಿಯನ್ನು ಸಮನಾಗಿ ಹಿಡಿಯುವಂಥವು. ನಾಲ್ವರ ಎದೆಯ ಮೇಲೆ ನಾಲ್ಕು ಮೈಕ್ ಇಟ್ಟರೆ ಚೆಂಡೆ ನಾಲ್ಕರಲ್ಲೂ ಬರುತ್ತದೆ. ಬದಲಾಗಿ ಪ್ರತಿಯೊಬ್ಬರ ಮುಂದೆ ಗಿಡ್ಡ ಸ್ಟ್ಯಾಂಡಿನಲ್ಲಿ ದಿಕ್ಕಿನ ಮೈಕ್ ಇಡಿ. ಕಾರ್ಡಿಯಾಯ್ಡ್ ಮೈಕ್ ನೇರ ಹಿಂದಿನಿಂದ ಬರುವ ದನಿಗೆ ಕಿವುಡು. ಸೂಪರ್ ಕಾರ್ಡಿಯಾಯ್ಡ್ ಓರೆಯಾಗಿ ಹಿಂದಿನಿಂದ, ಸುಮಾರು 125 ಡಿಗ್ರಿ ಕೋನದಲ್ಲಿ ಬರುವ ದನಿಗೆ ಕಿವುಡು. ನಮ್ಮಲ್ಲಿ ಹಿಮ್ಮೇಳ ನಡುವೆ, ಅರ್ಥಧಾರಿಗಳು ಎರಡು ಬದಿಗಳಲ್ಲಿ ಎದುರುಬದುರಾಗಿ ಕೂರುವುದರಿಂದ ಚೆಂಡೆ ಮೈಕಿನ ನೇರ ಹಿಂದಕ್ಕಲ್ಲ, ಓರೆಯಲ್ಲಿ ಇರುತ್ತದೆ. ಹಾಗಾಗಿ ನಾನು ಸೂಪರ್ ಕಾರ್ಡಿಯಾಯ್ಡನ್ನೇ ಬಳಸುತ್ತೇನೆ. ಮೈಕನ್ನು ಒಂದಿಷ್ಟು ತಿರುಗಿಸಿ ಹೆಡ್‌ಫೋನಿನಲ್ಲಿ ಕೇಳುತ್ತಾ ಹೋದರೆ ಚೆಂಡೆ ಸಟ್ಟನೆ ದೂರ ಸರಿಯುವ ಒಂದು ಕೋನ ಸಿಗುತ್ತದೆ, ಅಲ್ಲಿಗೇ ಸ್ಕ್ರೂ ಬಿಗಿಯಿರಿ.

ಮೈಕುಗಳೆಲ್ಲ ಜೂಮ್ ಎಫ್6ರಂತಹ ಆರು ಇನ್‌ಪುಟ್‌ಗಳ ರೆಕಾರ್ಡರಿಗೆ ಹೋಗಲಿ. ಅದೂ 32 ಬಿಟ್ ಫ್ಲೋಟ್‌ನಲ್ಲಿ ಮುದ್ರಿಸಿಕೊಳ್ಳುತ್ತದೆ. ಕೊಳ್ಳಲು ಹಣವಿಲ್ಲದಿದ್ದರೆ ಕಾರ್ಯಕ್ರಮದ ದಿನಕ್ಕೆ ಬಾಡಿಗೆಗೆ ತನ್ನಿ. ಸಭಾಂಗಣದ ಧ್ವನಿವರ್ಧಕದವರು ಒಪ್ಪಿದರೆ ಅವರ ಮಿಕ್ಸರಿನಿಂದಲೂ ಒಂದು ಲೈನ್ ತೆಗೆದುಕೊಳ್ಳಬಹುದು. ನಡುವೆ ಎರಡು ಕಡೆಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇರಲಿ, ಇಲ್ಲವಾದರೆ 50 ಹರ್ಟ್ಸ್‌ನ ಗುಂಯ್ ಸದ್ದು ಪ್ರಸಂಗದ ಉದ್ದಕ್ಕೂ ಶ್ರುತಿ ಹಿಡಿದುಕೊಂಡಿರುತ್ತದೆ.

ರೆಕಾರ್ಡರಿನ ಗಡಿಯಾರವೂ ಕ್ಯಾಮೆರಾದ ಗಡಿಯಾರವೂ ಬೇರೆ ಬೇರೆ. ಅವುಗಳ ನಡುವೆ ಹತ್ತು ಲಕ್ಷದಲ್ಲಿ ಹತ್ತು ಪಾಲಿನ ವ್ಯತ್ಯಾಸವಿದ್ದರೂ ಮೂರು ಗಂಟೆಯ ಕೊನೆಗೆ ದನಿಯೂ ತುಟಿಯೂ ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 25 ಫ್ರೇಮಿನ ವಿಡಿಯೋದಲ್ಲಿ ಎರಡೂವರೆ ಫ್ರೇಮಿಗಿಂತ ಹೆಚ್ಚು, ಅಗಲಿರುತ್ತವೆ. ಪ್ರತಿ ಪದ್ಯದ ಕೊನೆಯಲ್ಲಿ ಸಂಕಲನದಲ್ಲಿ ಒಮ್ಮೆ ಹೊಂದಿಸಿಕೊಳ್ಳುವುದು ಸುಲಭದ ದಾರಿ. ಜಾಗಟೆಯ ಏಟು ಕ್ಲ್ಯಾಪ್‌ಬೋರ್ಡಿನಷ್ಟೇ ಸ್ಪಷ್ಟವಾದ ಗುರುತು.

ಮತ್ತೆ ಪ್ರಶ್ನೆ — ಕುಂದಾಪುರದ ಕಡೆಯವ

ಎಲ್ಲರಿಗೂ ಧನ್ಯವಾದಗಳು. ಕ್ಯಾಮೆರಾ ನೋಡಿದೆವು, ಆಟೋದಲ್ಲೇ ಇತ್ತು. ಹಾಗಿದ್ದರೆ ಚೌಕಿಗೆ ಎರಡು ಮೈಕಿನ 2.4 ಗಿಗಾಹರ್ಟ್ಸ್ ಸೆಟ್, ತಾಳಮದ್ದಳೆಗೆ ತಂತಿ ಮತ್ತು ಬಾಡಿಗೆಯ ರೆಕಾರ್ಡರ್ ಎಂದು ತೀರ್ಮಾನಿಸುತ್ತೇವೆ. ಒಂದು ಸಂದೇಹ ಉಳಿದಿದೆ. ಬಣ್ಣ ಹಚ್ಚುವಾಗ ಕಲಾವಿದರು ಬರಿಮೈಯಲ್ಲೋ ಬನಿಯನ್ನಿನಲ್ಲೋ ಇರುತ್ತಾರೆ, ಆಮೇಲೆ ವೇಷ ಕಟ್ಟಿಕೊಳ್ಳುತ್ತಾರೆ. ಮೈಕನ್ನು ಎಲ್ಲಿ ಇಡಬೇಕು?

ಉತ್ತರ 2ರವರಿಂದ

ಬನಿಯನ್ ಇದ್ದರೆ ಸುಲಭ. ಕತ್ತಿನ ಪಟ್ಟಿಯ ಒಳಬದಿಗೆ, ಗಲ್ಲದಿಂದ ಸುಮಾರು ಒಂದು ಗೇಣು ಕೆಳಗೆ ಮೈಕನ್ನು ವೈದ್ಯಕೀಯ ಟೇಪಿನಿಂದ ಅಂಟಿಸಿ, ಕೇಬಲಿನಲ್ಲಿ ಒಂದು ಸಣ್ಣ ಸುತ್ತು ಬಿಟ್ಟು ಆ ಸುತ್ತನ್ನೂ ಅಂಟಿಸಿ. ಕೇಬಲ್ ಎಳೆದಾಗ ಬರುವ ಸದ್ದು ಆ ಸುತ್ತಿನಲ್ಲಿಯೇ ನಿಲ್ಲುತ್ತದೆ. ಟ್ರಾನ್ಸ್‌ಮಿಟರ್ ಪಂಚೆಯ ಸೊಂಟದಲ್ಲಿ, ಕ್ಯಾಮೆರಾ ಇರುವ ಬದಿಗೆ ಇರಲಿ. ಬರಿಮೈಯಾದರೆ ಮೈಗೆ ಅಂಟಿಸುವ ಹಠ ಬೇಡ, ಬೆವರಿಗೆ ಟೇಪ್ ನಿಲ್ಲುವುದಿಲ್ಲ. ಕಲಾವಿದರು ಕನ್ನಡಿಯ ಮುಂದೆ ಅಲುಗಾಡದೆ ಕೂತಿರುವುದರಿಂದ ಟ್ರಾನ್ಸ್‌ಮಿಟರನ್ನೇ ಕನ್ನಡಿಯ ಅಂಚಿಗೆ ಸಿಕ್ಕಿಸಿ, ಅದರೊಳಗೆ ಒಂದು ಮೈಕ್ ಇದ್ದೇ ಇದೆ. ಚಿತ್ರದಲ್ಲಿಯೂ ಕಾಣುವುದಿಲ್ಲ.

ವೇಷ ಕಟ್ಟಲು ಆರಂಭಿಸಿದೊಡನೆ ಮೈಕನ್ನು ತೆಗೆದುಬಿಡಿ. ದಗಲೆಯ (ವೇಷದ ಮೇಲಂಗಿಯ) ಕೆಳಗೆ ಸಿಕ್ಕಿದ ಮೈಕಿನಿಂದ ಬಟ್ಟೆಯ ತಿಕ್ಕಾಟದ ಸದ್ದಲ್ಲದೆ ಬೇರೇನೂ ಬರುವುದಿಲ್ಲ, ಬಿಗಿದು ಕಟ್ಟುವಾಗ ಕೇಬಲ್ ತುಂಡಾಗುವ ಸಂಭವವೂ ಇದೆ. ಇನ್ನೊಂದು ಕಾರಣವೂ ಇದೆ. ಒಳಗೇ ಮುದ್ರಿಸಿಕೊಳ್ಳುವ ಟ್ರಾನ್ಸ್‌ಮಿಟರ್ ನೀವು ಕ್ಯಾಮೆರಾ ನಿಲ್ಲಿಸಿದ ಮೇಲೂ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಚೌಕಿಯಲ್ಲಿ ಕಲಾವಿದರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು ನಿಮ್ಮ ಕಡತಕ್ಕೆ ಸೇರಬಾರದು. ಸಂದರ್ಶನ ಮುಗಿದ ಕೂಡಲೇ ಅವರೆದುರಿಗೇ ಮೈಕನ್ನು ಕಳಚಿ ಆಫ್ ಮಾಡಿ.